ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಬರುವುದಿಲ್ಲ: ಬೋರ್ಡ್ ಬಿಸಾಡುವ ಮೊದಲು ಪರೀಕ್ಷೆ ಆಗಲಿ

ಮಾನ್ಯ ಸಂಪಾದಕರೇ,

ನಾನು ಸಾಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತೇನೆ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು. ಮಳೆಗಾಲ ಹಿಡಿದ ಮೇಲೆ ನನ್ನ ಅಂಗಡಿಗೆ ಒಂದೇ ಥರದ ದೂರು ಜಾಸ್ತಿ ಬರುತ್ತದೆ. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ, ಆದರೆ ಸ್ಕ್ರೀನ್ ಮೇಲೆ ಏನೂ ಬರುವುದಿಲ್ಲ. ಹೀಗೆ ಬರುವ ಎಷ್ಟೋ ಯಂತ್ರಗಳಿಗೆ ಬೇರೆ ಕಡೆ ಆಗಲೇ ‘ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ’ ಎಂದು ಹೇಳಿ ಕಳಿಸಿರುತ್ತಾರೆ. ಮದರ್‌ಬೋರ್ಡ್ ಎಂದರೆ ಕಂಪ್ಯೂಟರಿನ ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಬೋರ್ಡ್. ಕವಚ ಬಿಚ್ಚಿ ನೋಡದೆಯೇ ಈ ಮಾತು ಹೇಳುವುದು ಅಭ್ಯಾಸವಾಗಿಬಿಟ್ಟಿದೆ. ಇದರಿಂದ ಸಣ್ಣಪುಟ್ಟ ಅಂಗಡಿಯವರ, ಸರ್ಕಾರಿ ಶಾಲೆಗಳ ದುಡ್ಡು ಹೋಗುತ್ತಿದೆ. ಅದಕ್ಕೇ ಈ ಪತ್ರ.

ಮೊದಲು ಒಂದು ಉದಾಹರಣೆ ಹೇಳುತ್ತೇನೆ. ಮದುವೆ ಕಾರ್ಡ್, ಕರಪತ್ರ ಮಾಡಿಕೊಡುವ ಒಬ್ಬರು ಹೊಸನಗರ ಕಡೆಯಿಂದ ಹಳೆಯ ಕಂಪ್ಯೂಟರ್ ಹೊತ್ತು ತಂದರು. ಬೇರೊಂದು ಊರಿನ ಅಂಗಡಿಯಲ್ಲಿ ಅದನ್ನು ಗುಜರಿ ಎಂದು ಹೇಳಿ ಅವರಿಗೆ ಹೊಸ ಸೆಟ್ ಮಾರಿದ್ದರು. ಇವರಿಗೆ ಚಿಂತೆ ಹಳೆಯ ಫೈಲುಗಳದ್ದು. ‘ಅಕ್ಕಾ, ನುಡಿ ಸಾಫ್ಟ್‌ವೇರಿನಲ್ಲಿ ಮಾಡಿದ ಕಾರ್ಡೆಲ್ಲಾ ಅದರಲ್ಲೇ ಇದೆ, ಬೋರ್ಡ್ ಜೊತೆ ಅದೂ ಹೋಯ್ತಂತೆ’ ಎಂದರು. ಫೈಲುಗಳು ಇರುವುದು ಹಾರ್ಡ್ ಡಿಸ್ಕ್‌ನಲ್ಲಿ. ಬೋರ್ಡಿಗೆ ಏನೇ ಆದರೂ ಅವು ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಇಷ್ಟನ್ನೂ ಅವರಿಗೆ ಯಾರೂ ಹೇಳಿರಲಿಲ್ಲ. ಬಿಚ್ಚಿ ನೋಡಿದರೆ, ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ಮೆಮೊರಿ ಪಟ್ಟಿಯಾದ ರ‍್ಯಾಮ್‌ನ ಚಿನ್ನದ ಬಣ್ಣದ ಕಾಲುಗಳ ಮೇಲೆ ಕಪ್ಪು ಪೊರೆ ಕಟ್ಟಿತ್ತು. ರಬ್ಬರಿನಿಂದ ಮೆತ್ತಗೆ ಉಜ್ಜಿ, ಸ್ಲಾಟ್ ಊದಿ ಸ್ವಚ್ಛ ಮಾಡಿ ಮತ್ತೆ ಕೂರಿಸಿದೆ. ಬೋರ್ಡ್ ಎದ್ದಿತು. ಆ ಮನುಷ್ಯನ ಮುಖದಲ್ಲಿ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಕಂಡಿತು. ಆ ಸಿಟ್ಟು ನ್ಯಾಯವಾದದ್ದೇ. ಹೊಸ ಸೆಟ್ಟಿಗೆ ಅವರು ಸಾಲ ಮಾಡಿದ್ದರು.

ಬಟನ್ ಒತ್ತಿದಾಗ ಒಳಗೆ ಏನಾಗುತ್ತದೆ ಎಂದು ಗ್ರಾಹಕರಿಗೆ ಸ್ವಲ್ಪ ತಿಳಿದಿದ್ದರೆ ಯಾರೂ ಇಷ್ಟು ಸುಲಭವಾಗಿ ಮಾತು ತೇಲಿಸಲು ಆಗುವುದಿಲ್ಲ. ಪ್ಲಗ್ ಹಾಕಿ ಸ್ವಿಚ್ ಹಾಕಿದ ಕೂಡಲೇ, ಕಂಪ್ಯೂಟರ್ ಆಫ್ ಇದ್ದರೂ, ಎಸ್‌ಎಂಪಿಎಸ್‌ನ (ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿಕೊಡುವ ಪವರ್ ಡಬ್ಬಿ) ನೇರಳೆ ತಂತಿಯಲ್ಲಿ 5 ವೋಲ್ಟ್ ಬರುತ್ತಿರುತ್ತದೆ. ಬಟನ್ ಒತ್ತಿದಾಗ ಬೋರ್ಡ್ ಹಸಿರು ತಂತಿಯ ಮೂಲಕ ಎಸ್‌ಎಂಪಿಎಸ್‌ಗೆ ಸನ್ನೆ ಮಾಡುತ್ತದೆ. ಆಗ ಹಳದಿ ತಂತಿಯಲ್ಲಿ 12, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ವೋಲ್ಟ್ ಹರಿಯುತ್ತದೆ. ಎಲ್ಲವೂ ಸರಿಯಾಗಿ ನಿಂತ ಮೇಲೆ ಬೂದು ತಂತಿಯಲ್ಲಿ ‘ಪವರ್ ಗುಡ್’ ಎಂಬ ಸಂಕೇತ ಬರುತ್ತದೆ. ಅದು ಬಂದ ಮೇಲಷ್ಟೇ ಪ್ರೊಸೆಸರ್ ಎದ್ದು ಬಯಾಸ್ (ಕಂಪ್ಯೂಟರನ್ನು ಎಬ್ಬಿಸುವ ಮೊದಲ ಪ್ರೋಗ್ರಾಂ) ಇರುವ ಚಿಪ್ ಓದಲು ಶುರು ಮಾಡುತ್ತದೆ. ಆಮೇಲೆ ರ‍್ಯಾಮ್ ಪರೀಕ್ಷೆ, ಆಮೇಲೆ ಡಿಸ್‌ಪ್ಲೇ. ವಿಂಡೋಸ್ ಬರುವುದು ಕಟ್ಟಕಡೆಗೆ. ಫ್ಯಾನ್ ತಿರುಗಿತು ಎಂದರೆ 12 ವೋಲ್ಟ್ ಬಂದಿದೆ ಎಂದಷ್ಟೇ ಅರ್ಥ. ಅದರ ಮುಂದಿನ ಯಾವ ಮೆಟ್ಟಿಲಲ್ಲಿ ನಿಂತಿತು ಎಂದು ಹುಡುಕುವುದೇ ರಿಪೇರಿಯವರ ಕೆಲಸ.

ಇದಕ್ಕೆ ಒಂದು ಪರೀಕ್ಷೆ ಇದೆ. ತುಂಬಾ ಅಗ್ಗದ್ದು, ತುಂಬಾ ಕೆಲಸಕ್ಕೆ ಬರುವಂಥದ್ದು. ಬೋರ್ಡಿನಲ್ಲಿ ಸ್ಪೀಕರ್ ಎಂದು ಬರೆದಿರುವ ನಾಲ್ಕು ಪಿನ್‌ಗಳ ಜಾಗ ಇರುತ್ತದೆ. ಅಲ್ಲಿಗೆ ಬೆರಳ ತುದಿಯಷ್ಟು ದೊಡ್ಡ ಬಜರ್ ಸಿಕ್ಕಿಸಬೇಕು. ಈಗಿನ ಕ್ಯಾಬಿನೆಟ್‌ಗಳ ಜೊತೆ ಅದನ್ನು ಕೊಡುವುದೇ ಕಡಿಮೆ, ಬೇರೆ ತರಿಸಿಕೊಳ್ಳಬೇಕು. ಪ್ಲಗ್ ತೆಗೆದು, ರ‍್ಯಾಮ್ ಪೂರ್ತಿ ಹೊರಗೆ ತೆಗೆದು, ಮತ್ತೆ ಪ್ಲಗ್ ಹಾಕಿ ಬಟನ್ ಒತ್ತಬೇಕು. ಬೋರ್ಡ್ ಬೀಪ್ ಬೀಪ್ ಎಂದು ಕೂಗಲು ಶುರು ಮಾಡಿದರೆ ಒಳ್ಳೆಯ ಸುದ್ದಿ. ಪ್ರೊಸೆಸರ್ ಎದ್ದಿದೆ, ಬಯಾಸ್ ಓದಿದೆ, ರ‍್ಯಾಮ್ ಇಲ್ಲ ಎಂದು ದೂರು ಹೇಳುವಷ್ಟು ಬೋರ್ಡ್ ಜೀವಂತ ಇದೆ. ಆಗ ರ‍್ಯಾಮ್, ಅದರ ಸ್ಲಾಟ್, ಗ್ರಾಫಿಕ್ಸ್ ಕಾರ್ಡ್, ಕೇಬಲ್ ಇವುಗಳನ್ನು ನೋಡಿದರೆ ಬಹುಪಾಲು ದಾರಿ ಸಿಗುತ್ತದೆ. ಕೂಗಲೇ ಇಲ್ಲ ಎಂದರೆ ಪವರ್, ಪ್ರೊಸೆಸರ್, ಬಯಾಸ್ ಅಥವಾ ಬೋರ್ಡ್ ಕಡೆ ಅನುಮಾನ ಪಡಬೇಕು. ಬೀಪ್‌ಗಳ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ. ಅವಾರ್ಡ್ ಎಂಬ ಕಂಪನಿಯ ಹಳೆಯ ಬಯಾಸ್‌ನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಡಿಸ್‌ಪ್ಲೇ ತೊಂದರೆ. ಇತ್ತೀಚಿನ ಎಷ್ಟೋ ಬೋರ್ಡ್‌ಗಳಲ್ಲಿ ಬಜರ್ ಬದಲು ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ನಾಲ್ಕು ಪುಟ್ಟ ಲೈಟ್ ಇರುತ್ತವೆ. ಕ್ರಮವಾಗಿ ಪ್ರೊಸೆಸರ್, ಮೆಮೊರಿ, ಡಿಸ್‌ಪ್ಲೇ, ವಿಂಡೋಸ್ ಶುರುವಾಗುವ ಹಂತ ಎಂದು ಅವುಗಳ ಅರ್ಥ. ಯಾವುದು ಹತ್ತಿ ನಿಂತಿತೋ ಅಲ್ಲಿ ತೊಂದರೆ. ಬೋರ್ಡೇ ಬಾಯಿಬಿಟ್ಟು ಹೇಳುತ್ತಿರುವಾಗ ಕೇಳಿಸಿಕೊಳ್ಳದೆ ಹೊಸದರ ಕೊಟೇಶನ್ ಬರೆಯುವುದು ತಪ್ಪು ಅಲ್ವಾ?

ಬೋರ್ಡ್ ಕೂಗದಿದ್ದರೂ ಕೈಬಿಡಬೇಕಿಲ್ಲ. ಧೂಳು ಹೊಡೆಯಲು ಬಿಚ್ಚಿದವರು ಪ್ರೊಸೆಸರ್ ಪಕ್ಕದ ನಾಲ್ಕು ಅಥವಾ ಎಂಟು ಪಿನ್ನಿನ 12 ವೋಲ್ಟ್ ಕನೆಕ್ಟರ್ ಹಾಕಲು ಮರೆತಿರುತ್ತಾರೆ. ಫ್ಯಾನ್ ತಿರುಗುತ್ತದೆ, ಪ್ರೊಸೆಸರ್‌ಗೆ ಮಾತ್ರ ಪವರ್ ಇಲ್ಲ. ಎಸ್‌ಎಂಪಿಎಸ್ ಹಳೆಯದಾದಾಗ 12 ವೋಲ್ಟ್ ಕುಸಿಯುತ್ತದೆ. ಲೋಡ್ ಇರುವಾಗ, ಅಂದರೆ ಬೋರ್ಡ್ ಜೋಡಿಸಿ ಓಡಿಸುವಾಗ, 11.4ಕ್ಕಿಂತ ಕೆಳಗೆ ಇಳಿದರೆ ಅದನ್ನು ಬದಲಾಯಿಸಬೇಕು. ಇದಕ್ಕೆ ಮಲ್ಟಿಮೀಟರ್ ಸಾಕು. (ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು.) ಕ್ಯಾಬಿನೆಟ್‌ನ ರೀಸೆಟ್ ಬಟನ್ ಒಳಗೇ ಸಿಕ್ಕಿಕೊಂಡು ಬೋರ್ಡನ್ನು ಮೇಲೇಳದಂತೆ ಹಿಡಿದಿರುವುದೂ ಉಂಟು. ಅದರ ತಂತಿ ಕಿತ್ತು ನೋಡಿದರೆ ಗೊತ್ತಾಗುತ್ತದೆ.

ಸಿಆರ್2032 ಎಂಬ 3 ವೋಲ್ಟ್ ಬಟನ್ ಸೆಲ್ ವಿಷಯವೂ ಹಾಗೇ. ಅದು ಸತ್ತರೆ ದಿನಾಂಕ ಹಿಂದಕ್ಕೆ ಹೋಗುತ್ತದೆ, ‘ಎಫ್1 ಒತ್ತಿ’ ಎಂದು ಬರುತ್ತದೆ. ಕೆಲವು ಬೋರ್ಡ್‌ಗಳು ಏಳುವುದೇ ಇಲ್ಲ. ಪ್ಲಗ್ ತೆಗೆದು, ಸೆಲ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹೊಸದು ಹಾಕಿದರೆ ಬಯಾಸ್ ಸೆಟ್ಟಿಂಗ್ ಮೂಲ ಸ್ಥಿತಿಗೆ ಬರುತ್ತದೆ.

ಕೊನೆಗೆ ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರತೆಗೆದು ಒಣ ರಟ್ಟಿನ ಮೇಲೆ ಇಡುತ್ತೇನೆ. ಪ್ರೊಸೆಸರ್, ಅದರ ಫ್ಯಾನ್, ಒಂದೇ ರ‍್ಯಾಮ್, ಎಸ್‌ಎಂಪಿಎಸ್ ಬಿಟ್ಟು ಬೇರೇನೂ ಜೋಡಿಸುವುದಿಲ್ಲ. ರಟ್ಟಿನ ಮೇಲೆ ಎದ್ದು ಕ್ಯಾಬಿನೆಟ್‌ನೊಳಗೆ ಏಳದಿದ್ದರೆ ಕೆಳಗೆ ಯಾವುದೋ ಸ್ಕ್ರೂ ಅಥವಾ ಹಿತ್ತಾಳೆಯ ಸ್ಟ್ಯಾಂಡ್ ಬೇಡದ ಜಾಗದಲ್ಲಿ ತಾಗಿ ಶಾರ್ಟ್ ಆಗುತ್ತಿದೆ ಎಂದರ್ಥ. ಇಷ್ಟೂ ಪರೀಕ್ಷೆಗೆ ಅರ್ಧ ಗಂಟೆ ಸಾಕು.

ನಮ್ಮ ಮಲೆನಾಡಿನ ಕಷ್ಟ ಬೇರೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಬೇಸಿಗೆ ರಜೆಯಲ್ಲಿ ಮುಚ್ಚಿದ ಶಾಲೆಯ ಲ್ಯಾಬ್ ಜೂನ್‌ನಲ್ಲಿ ತೆರೆಯುತ್ತದೆ. ಅಷ್ಟರಲ್ಲಿ ರ‍್ಯಾಮ್ ಕಾಲುಗಳ ಮೇಲೆ ಪೊರೆ, ಕ್ಯಾಬಿನೆಟ್‌ನೊಳಗೆ ಇರುವೆ ಗೂಡು, ಎಸ್‌ಎಂಪಿಎಸ್ ಬೆಚ್ಚಗಿರುತ್ತದೆ ಎಂದು ಒಳಹೊಕ್ಕ ಹಲ್ಲಿ. ಮಳೆಗಾಲಕ್ಕೆ ಮುಂಚಿನ ಗುಡುಗು ಸಿಡಿಲಿಗೆ ಇಂಟರ್‌ನೆಟ್ ಕೇಬಲ್ ಮೂಲಕ ಹೊಡೆತ ಬಂದು ಲ್ಯಾನ್ ಚಿಪ್ ಸುಡುತ್ತದೆ. ಗುಡುಗುವಾಗ ಕರೆಂಟ್ ಪ್ಲಗ್ ಕೀಳುವವರು ಲ್ಯಾನ್ ವೈರ್ ಕೀಳುವುದಿಲ್ಲ. ದಯವಿಟ್ಟು ಎರಡನ್ನೂ ತೆಗೆಯಿರಿ, ಗುಡುಗು ಶುರುವಾಗುವ ಮೊದಲೇ ತೆಗೆಯಿರಿ. ಅರ್ಥಿಂಗ್ ಇಲ್ಲದ ಕಟ್ಟಡದಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ. ಮಕ್ಕಳು ಕೂರುವ ಜಾಗದಲ್ಲಿ ಅದನ್ನು ಸುಮ್ನೆ ಬಿಡುವಂತಿಲ್ಲ, ಮೊದಲು ಎಲೆಕ್ಟ್ರಿಷಿಯನ್ ಕರೆಸಬೇಕು.

ಬೋರ್ಡ್ ನಿಜವಾಗಿಯೂ ಹಾಳಾಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಪ್ರೊಸೆಸರ್‌ಗೆ ವೋಲ್ಟೇಜ್ ಇಳಿಸಿಕೊಡುವ ಮಾಸ್‌ಫೆಟ್ ಶಾರ್ಟ್ ಆಗುತ್ತದೆ. ಬಟನ್ ಒತ್ತುವ ಮೊದಲೇ ಚಿಪ್‌ಸೆಟ್ ಕೈ ಸುಡುವಷ್ಟು ಕಾಯುತ್ತದೆ. ಸಾಕೆಟ್ ಪಿನ್ ಬಗ್ಗಿರುತ್ತದೆ. ಹಳೆಯ ಬೋರ್ಡ್‌ಗಳಲ್ಲಿ ಕೆಪಾಸಿಟರ್‌ಗಳ ತಲೆ ಉಬ್ಬಿ ಕಂದು ಬಣ್ಣದ ದ್ರವ ಸೋರಿರುತ್ತದೆ. 2000ದ ದಶಕದ ಮೊದಲ ವರ್ಷಗಳಲ್ಲಿ ಕಳಪೆ ಕೆಪಾಸಿಟರ್‌ಗಳಿಂದ ಪ್ರಪಂಚದ ಎಲ್ಲ ಕಡೆ ಬೋರ್ಡ್‌ಗಳು ಹೀಗೇ ಸತ್ತಿದ್ದವು. ಇವುಗಳಲ್ಲೂ ಕೆಲವನ್ನು ಸರಿಮಾಡಬಹುದು. ಉಬ್ಬಿದ ಕೆಪಾಸಿಟರ್ ತೆಗೆದು ಅದೇ ಅಳತೆಯ, 105 ಡಿಗ್ರಿ ತಾಳುವ ಹೊಸದನ್ನು ಬೆಸುಗೆ ಹಾಕಬಹುದು. ಬಯಾಸ್ ಅಪ್‌ಡೇಟ್ ಮಾಡುವಾಗ ಕರೆಂಟ್ ಹೋಗಿ ನಿಂತ ಬೋರ್ಡಿನ ಎಂಟು ಕಾಲಿನ ಬಯಾಸ್ ಚಿಪ್‌ಗೆ ಪ್ರೋಗ್ರಾಮರ್ ಎಂಬ ಸಾಧನದಿಂದ ಮತ್ತೆ ಬರೆಯಬಹುದು. ಬಿಡಿಭಾಗ ಬೇಕಾದರೆ ಬೆಂಗಳೂರಿನ ಎಸ್.ಪಿ. ರೋಡ್ ಇದೆ. ಆಗದಿದ್ದರೆ ಆಗುವುದಿಲ್ಲ ಎಂದು, ಏನಾಗಿದೆ ಎಂದು ತೋರಿಸಿ ಹೇಳಿದರೆ ಗ್ರಾಹಕರು ಒಪ್ಪುತ್ತಾರೆ.

ಲ್ಯಾಪ್‌ಟಾಪ್‌ನವರಿಗೆ ಒಂದು ಮಾತು. ಚಾರ್ಜರ್ ಕಿತ್ತು, ಬ್ಯಾಟರಿ ಕಳಚುವಂತಿದ್ದರೆ ಅದನ್ನೂ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ಮತ್ತೆ ಹಾಕಿ ನೋಡಿ. ಎಷ್ಟೋ ಸಲ ಇಷ್ಟಕ್ಕೇ ಏಳುತ್ತದೆ. ಬೋರ್ಡ್ ಬದಲಿಸಲು ಒಪ್ಪುವ ಮೊದಲು ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ರಿಕವರಿ ಕೀ ನಿಮ್ಮ ಹತ್ತಿರ ಇದೆಯಾ ನೋಡಿಕೊಳ್ಳಿ. ಎಷ್ಟೋ ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ನ ಬೀಗದ ಕೀ ಹಳೆಯ ಬೋರ್ಡ್ ಜೊತೆ ಸೇರಿಕೊಂಡಿರುತ್ತದೆ. ಬೋರ್ಡ್ ಬದಲಾದರೆ 48 ಅಂಕಿಗಳ ಆ ರಿಕವರಿ ಕೀ ಕೇಳುತ್ತದೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಅದು ಸಿಗದಿದ್ದರೆ ಫೋಟೋ, ಲೆಕ್ಕಪತ್ರ ಯಾವುದನ್ನೂ ತೆರೆಯಲು ಆಗುವುದಿಲ್ಲ. ಇದನ್ನು ಎಷ್ಟು ಅಂಗಡಿಗಳಲ್ಲಿ ಮೊದಲೇ ಹೇಳುತ್ತಾರೆ?

ಈ ವಿಷಯ ಈಗಲೇ ಎತ್ತಲು ಕಾರಣ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಇರಬೇಕು, ಪ್ರೊಸೆಸರ್ ಕೂಡ ಹೊಸದಾಗಿರಬೇಕು. ಹಾಗಾಗಿ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವ ಆತುರ ಹೆಚ್ಚಿದೆ. ನಮ್ಮ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಹಳೆಯ ಕಂಪ್ಯೂಟರ್‌ಗಳನ್ನು ಜಗಲಿಯಲ್ಲಿ ಪೇರಿಸಿಟ್ಟಿದ್ದರು, ಎಲ್ಲದರ ಮೇಲೂ ‘ಬೋರ್ಡ್ ಕೆಟ್ಟಿದೆ’ ಎಂಬ ಚೀಟಿ. ಶಿಕ್ಷಕರೊಬ್ಬರು ಕರೆದರು, ಹೋಗಿ ನೋಡಿದೆ. ಹೆಚ್ಚಿನವಕ್ಕೆ ಬೇಕಾಗಿದ್ದದ್ದು ಸೆಲ್, ರ‍್ಯಾಮ್ ಸ್ವಚ್ಛತೆ, ಒಂದೆರಡಕ್ಕೆ ಎಸ್‌ಎಂಪಿಎಸ್. ಈಗ ಅವುಗಳಲ್ಲಿ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ ಮಕ್ಕಳು ಟೈಪಿಂಗ್ ಕಲಿಯುತ್ತಿದ್ದಾರೆ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳೆಲ್ಲಾ ಲಿನಕ್ಸ್‌ನಲ್ಲೇ ಕಲಿಸುತ್ತಿರುವಾಗ ನಮಗೇನು ಅಡ್ಡಿ?

ಕಾನೂನೂ ನಮ್ಮ ಕಡೆಗೇ ಇದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ಮರುಬಳಕೆ ಮಾಡುವವರ ಜೊತೆಗೆ, ಹಳೆಯದನ್ನು ಸರಿಪಡಿಸಿ ಮತ್ತೆ ಬಳಕೆಗೆ ತರುವವರಿಗೂ ನೋಂದಣಿಯ ಜಾಗ ಕೊಟ್ಟಿದ್ದಾರೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರಿ’ ಪೋರ್ಟಲ್ ತೆರೆದಿದೆ. ಅನ್ಯಾಯ ಆದವರು 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು.

ನನ್ನ ಕೋರಿಕೆ ಇಷ್ಟು. ಶಾಲೆ, ಗ್ರಾಮ ಪಂಚಾಯಿತಿ, ಸೊಸೈಟಿಗಳು ಯಾವ ಕಂಪ್ಯೂಟರನ್ನೂ ಪರೀಕ್ಷೆಯ ಚೀಟಿ ಇಲ್ಲದೆ ಗುಜರಿಗೆ ಹಾಕಬಾರದು. ರ‍್ಯಾಮ್ ತೆಗೆದಾಗ ಬೀಪ್ ಬಂತೇ, 12 ವೋಲ್ಟ್ ಎಷ್ಟಿತ್ತು, ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿದ್ದಾರೆಯೇ ಎಂದು ಆ ಚೀಟಿಯಲ್ಲಿ ಬರೆದಿರಬೇಕು. ಈ ಪರೀಕ್ಷೆಯನ್ನು ಹತ್ತಿರದ ಐಟಿಐ, ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಂದ ಬೇಸಿಗೆ ರಜೆಯಲ್ಲೇ ಮಾಡಿಸಬಹುದು. ಅವರಿಗೂ ಕೈಗೆ ಕೆಲಸ ಸಿಗುತ್ತದೆ. ನನ್ನಂಥ ರಿಪೇರಿ ಅಂಗಡಿಯವರೆಲ್ಲಾ ಬಿಲ್ಲಿನ ಮೇಲೆ ಕಾರಣ ಬರೆದು, ತೆಗೆದ ಹಳೆಯ ಬೋರ್ಡನ್ನು ಗ್ರಾಹಕರ ಕೈಗೇ ವಾಪಸ್ ಕೊಡಬೇಕು. ಸಾರ್ವಜನಿಕ ಶಿಕ್ಷಣ ಇಲಾಖೆ ಈ ಬಗ್ಗೆ ಒಂದು ಸುತ್ತೋಲೆ ಹೊರಡಿಸುವುದಾದರೆ, ಪರೀಕ್ಷೆಯ ಚೀಟಿಯ ಮಾದರಿಯನ್ನು ಕನ್ನಡದಲ್ಲಿ ಬರೆದುಕೊಡಲು ನಾನು ತಯಾರಿದ್ದೇನೆ.

ಇಂತಿ,
ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬ ಓದುಗಿ
ಸಾಗರ, ಶಿವಮೊಗ್ಗ ಜಿಲ್ಲೆ