ಪಶು ಆಹಾರದ ಹೊಸ ದರ: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ಮುಂದಿನ ಸೋಮವಾರದಿಂದ ನಮ್ಮ ಪಶು ಆಹಾರದ 50 ಕಿಲೋ ಚೀಲಕ್ಕೆ 60 ರೂಪಾಯಿ ಹೆಚ್ಚಾಗುತ್ತದೆ. ಅಗ್ಗದ ಮೆಕ್ಕೆಜೋಳದ ನುಚ್ಚು ಇನ್ನು ಸಿಗುವುದಿಲ್ಲ. ಎರಡಕ್ಕೂ ಕಾರಣ ಮಳೆಗೆ ಸಿಕ್ಕ ಜೋಳಕ್ಕೆ ಹಿಡಿಯುವ ಬೂಷ್ಟು. ಹಾಲಿನ ದರ ಇದ್ದಲ್ಲೇ ಇರುವಾಗ ನಿಮ್ಮ ಮೇಲೆ ಈ ಹೊರೆ ಹಾಕುತ್ತಿರುವುದಕ್ಕೆ ಕ್ಷಮೆ ಇರಲಿ. ಆದರೆ "ಬೆಲೆ ಏರಿಸಲು ಬೂಷ್ಟಿನ ನೆಪ" ಎಂಬ ಮಾತನ್ನು ನಾವು ಒಪ್ಪುವುದಿಲ್ಲ.

ಈ ಸಲ ಶಿಕಾರಿಪುರ, ಸೊರಬದ ಕಡೆ ಮೆಕ್ಕೆಜೋಳದ ಕೊಯ್ಲಿಗೇ ಮಳೆ ಹಿಡಿಯಿತು. ರಸ್ತೆಯಲ್ಲಿ ಹರವಿದ ಜೋಳಕ್ಕೆ ಟಾರ್ಪಾಲು ಮುಚ್ಚುವುದು, ತೆಗೆಯುವುದೇ ಕೆಲಸವಾಯಿತು. ತೇವಾಂಶ ಶೇ 14 ದಾಟಿದ ಕಾಳನ್ನು ನಾವು ಗೋದಾಮಿಗೆ ಇಳಿಸುತ್ತಿಲ್ಲ. ಒಣಗಿಸುವ ಯಂತ್ರದ ಡೀಸೆಲ್, ಲೋಡಿಗೊಂದು ಪರೀಕ್ಷೆ, ಹಮಾಲಿ, ತಿರುಗಿ ಕಳಿಸಿದ ಲಾರಿಯ ಬಾಡಿಗೆ, ಯಾವುದೂ ಬಿಟ್ಟಿ ಬರುವುದಿಲ್ಲ. ಲಾರಿ ಮರಳಿದ ದಿನ ವ್ಯಾಪಾರಿ ಬೈಯುತ್ತಾನೆ, ದರ ಏರಿದ ದಿನ ನೀವು.

ಎಲ್ಲರ ಪ್ರಶ್ನೆಯೂ ಒಂದೇ: "ನಮ್ಮಪ್ಪನ ಕಾಲದಲ್ಲೂ ಜೋಳ ಬೂಷ್ಟು ಹಿಡಿಯುತ್ತಿತ್ತು. ತೊಳೆದು, ಒಣಗಿಸಿ, ಬೇಯಿಸಿ ಹಾಕಿದರೆ ಸಾಲದೇ?" ಸಾಲದು. ಮೇಲಿನ ಹಸಿರು ಹಳದಿ ಪುಡಿ ಹೋಗುತ್ತದೆ. ಆದರೆ ಬೂಷ್ಟು ಕಾಳಿನೊಳಗೆ ಬಿಟ್ಟ ಅಫ್ಲಾಟಾಕ್ಸಿನ್ ಎಂಬ ವಿಷ ಒಲೆಯ ಕಾವಿಗೆ ಜಗ್ಗುವುದಿಲ್ಲ. ಒಡೆದ ಕಾಳಿನಲ್ಲಿ ಅದು ಹೆಚ್ಚು. ನುಚ್ಚು ನಿಲ್ಲಿಸಿದ್ದು ಅದಕ್ಕೇ. ನೋಡಲು ಚೆನ್ನಾಗಿರುವ ಜೋಳದಲ್ಲೂ ಇರಬಹುದು, ಒಂದೇ ಚೀಲದ ಒಂದು ಮೂಲೆಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಹಾಗಾಗಿ ಕೊಳವೆ ಚುಚ್ಚಿ ಹಲವು ಕಡೆಯಿಂದ ಕಾಳು ತೆಗೆದು, ಬೀಸಿ, ಬೆರೆಸಿ ನೋಡುತ್ತೇವೆ. ಮೂಸಿ ಹೇಳುವ ಜಾಣರು ನಮ್ಮಲ್ಲಿಲ್ಲ.

ಹಸು ತಿಂದ ವಿಷದ ಒಂದು ಪಾಲು ರೂಪ ಬದಲಿಸಿ ಹಾಲಿಗಿಳಿಯುತ್ತದೆ, ಕಾಯಿಸಿದರೂ ಉಳಿಯುತ್ತದೆ. ಕಿಲೋ ಹಾಲಿಗೆ 0.5 ಮೈಕ್ರೋಗ್ರಾಂ ದಾಟಬಾರದೆಂದು ನಿಯಮವಿದೆ. ಡೇರಿಗೆ ಹಾಕಿ ಮಿಕ್ಕಿದ್ದನ್ನು ಕುಡಿಯುವುದು ನಿಮ್ಮ ಮನೆಯ ಮಕ್ಕಳೇ ತಾನೇ? ಹಿಂದೆ ಯಾರಿಗೂ ಏನೂ ಆಗಿಲ್ಲ ಎಂಬುದೂ ಸುಳ್ಳು: 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಕಾಮಾಲೆಯಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಊಟ ತಿಂದ ನಾಯಿಗಳೂ ಉಳಿಯಲಿಲ್ಲ.

ಮನೆಯಲ್ಲಿ ಹಳೆಯ ನುಚ್ಚು ಉಳಿದಿದ್ದರೆ ಚೀಲ ಸಮೇತ ತನ್ನಿ. ಪರೀಕ್ಷೆಗೆ ದುಡ್ಡಿಲ್ಲ, ಕೆಟ್ಟಿದ್ದರೆ ಹಣ ಹಿಂದಿರುಗಿಸುತ್ತೇವೆ, ರಸೀದಿ ಕೇಳುವುದಿಲ್ಲ. ಕೋಳಿಗಾದರೂ ಆದೀತು ಎಂದು ಇಟ್ಟುಕೊಳ್ಳಬೇಡಿ, ಮರಿಗಳು ಅದನ್ನು ತಡೆದುಕೊಳ್ಳಲಾರವು. ಹೊಸ ಚೀಲಗಳನ್ನು ಕೊಟ್ಟಿಗೆಯ ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡಿ.

ಇಂತಿ ನಿಮ್ಮ ಸಂಘದ ಕಾರ್ಯದರ್ಶಿ,
ಶಿಕಾರಿಪುರ