ಮೇಷ್ಟ್ರಿಗೆ, ಮತ್ತು ನಿಮ್ಮೆಲ್ಲರಿಗೆ

ವಿಧಾನಸಭೆ ಚುನಾವಣೆಗೆ ಪಕ್ಷೇತರಳಾಗಿ ನಿಂತಿದ್ದೆ. ಫಲಿತಾಂಶ ನಿಮಗೆಲ್ಲ ಗೊತ್ತೇ ಇದೆ, ಸೋತೆ. 2023ರ ಮೇ 13ರ ಶನಿವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲ ತೀರ್ಮಾನ ಆಗಿಹೋಗಿತ್ತು. ಗೆದ್ದವರಿಗೆ ಅವತ್ತೇ ಫೋನ್ ಮಾಡಿ ಶುಭ ಹೇಳಿದೆ. ಅವರೂ ಚೆನ್ನಾಗಿ ಮಾತಾಡಿದರು. ಚಲಾವಣೆಯಾದ ಮತದಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬಂದಿದ್ದರೆ ಠೇವಣಿಯ 10,000 ರೂಪಾಯಿ ವಾಪಸ್ ಸಿಗುತ್ತಿತ್ತು, ಸಿಗಲಿಲ್ಲ. ಸೋಲಿನ ಬಗ್ಗೆ ಇಷ್ಟು ಸಾಕು. ಇವತ್ತು ಬರೆಯುತ್ತಿರುವುದು ಥ್ಯಾಂಕ್ಸ್ ಹೇಳೋಣ ಅಂತ.

ಮೊದಲು ನನ್ನ ಸೂಚಕರಿಗೆ. ದೊಡ್ಡ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಪಕ್ಷೇತರರಾದರೆ ಕ್ಷೇತ್ರದ 10 ಜನ ಮತದಾರರು ನಾಮಪತ್ರಕ್ಕೆ ಸಹಿ ಹಾಕಬೇಕು. ನಮ್ಮ ಮಂಡ್ಯದ ಹಳ್ಳಿಗಳಲ್ಲಿ ಅದೇನು ಸಣ್ಣ ವಿಷಯ ಅಲ್ಲ. ಯಾರ ಪೇಪರಿಗೆ ಯಾರು ಸಹಿ ಹಾಕಿದರು ಅನ್ನೋದು ಸಂಜೆಯೊಳಗೆ ಅರಳಿಕಟ್ಟೆಗೆ ತಲುಪಿರುತ್ತೆ. ನಾಳೆ ಡೇರಿಗೆ ಹಾಲು ಹಾಕುವಾಗ, ಸೊಸೈಟಿಯಲ್ಲಿ ಸಾಲ ಕೇಳುವಾಗ ಅದರ ಬಿಸಿ ತಟ್ಟುತ್ತೆ. ಗೊತ್ತಿದ್ದೂ ನೀವು ಬಂದಿರಿ. ಒಬ್ಬರಂತೂ ಮಗಳ ಮದುವೆ ಓಡಾಟದ ನಡುವೆ, ಲಗ್ನಪತ್ರಿಕೆಯ ಚೀಲ ಕಂಕುಳಲ್ಲಿ ಇಟ್ಟುಕೊಂಡೇ ತಾಲ್ಲೂಕು ಕಚೇರಿಗೆ ಬಂದು ಸಹಿ ಹಾಕಿ ಹೋದರು.

ಬೈಕಿನಲ್ಲಿ ಊರೂರು ಸುತ್ತಿದ ಹುಡುಗರಿಗೆ, ಬಾಡಿಗೆ ಕೇಳದೆ ಟೆಂಪೊ ಕೊಟ್ಟ ಅಣ್ಣನಿಗೆ, ಮೈಕ್ ಸೆಟ್‌ನವರಿಗೆ, ಬಸ್ಸಾರು ಮುದ್ದೆ ಮಾಡಿಟ್ಟು ರಾತ್ರಿ ಎಷ್ಟು ಹೊತ್ತಾದರೂ ಕಾಯುತ್ತಿದ್ದ ಅಕ್ಕಂದಿರಿಗೆ, ಸ್ತ್ರೀಶಕ್ತಿ ಸಂಘದವರಿಗೆ, ಖರ್ಚಿನ ಪ್ರತಿ ಬಿಲ್ಲನ್ನೂ ಜೋಡಿಸಿ ರಿಜಿಸ್ಟರ್ ಬರೆದುಕೊಟ್ಟ ತಂಗಿಗೆ, ಎಲ್ಲರಿಗೂ ಕೈ ಮುಗಿಯುತ್ತೇನೆ. 40 ಲಕ್ಷದವರೆಗೆ ಖರ್ಚು ಮಾಡಬಹುದು ಅನ್ನುತ್ತೆ ಕಾನೂನು. ನಮ್ಮದು ಅದರ ಹತ್ತಿರಕ್ಕೂ ಹೋಗಲಿಲ್ಲ ಅಂದರೆ ಅದಕ್ಕೆ ನೀವೇ ಕಾರಣ.

ನಾನು ಬಲಪಂಥದ ವಿಚಾರದವಳು. ಯಾವ ಊರಲ್ಲೂ ಅದನ್ನು ಮುಚ್ಚಿಡಲಿಲ್ಲ. ಗೋಮಾಳ ಉಳಿಯಬೇಕು. ಊರ ದೇವಸ್ಥಾನದ ಹುಂಡಿ ಹಣ ಆ ದೇವಸ್ಥಾನಕ್ಕೇ ಖರ್ಚಾಗಬೇಕು. 2007ರಲ್ಲಿ ಸಾರಾಯಿ ನಿಂತರೂ ಹಳ್ಳಿಯ ಗೂಡಂಗಡಿಗಳಲ್ಲಿ ಕದ್ದು ಎಣ್ಣೆ ಮಾರುವುದು ನಿಂತಿಲ್ಲ, ಅದು ನಿಲ್ಲಬೇಕು. ಸರ್ಕಾರ ಸಾಲ ತಂದು ಹಂಚಬಾರದು. ಈ ಕೊನೆಯ ಮಾತನ್ನು ಈ ಸಲ ಹೇಳುವುದು ಸುಲಭ ಇರಲಿಲ್ಲ. ಎರಡು ಸಾವಿರ, ಹತ್ತು ಕೆಜಿ ಅಕ್ಕಿ, ಫ್ರೀ ಬಸ್ಸು ಅಂತ ಎಲ್ಲ ಕಡೆ ಅದೇ ಮಾತು. ಕೇಳುವ ತಾಯಂದಿರ ಕಷ್ಟ ನನಗೂ ಗೊತ್ತು. ಅವರ ಮುಖ ನೋಡಿಕೊಂಡು ಬೇಡ ಅನ್ನಬೇಕಿತ್ತು.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗದ ಒಂದು ಊರಲ್ಲಿ ಒಬ್ಬ ಅವ್ವ ಕಬ್ಬಿನ ಗದ್ದೆಯಿಂದ ಕುಡುಗೋಲು ಹಿಡಿದೇ ರಸ್ತೆಗೆ ಬಂದರು. ಕಾಲಿಗೆಲ್ಲ ಕಬ್ಬಿನ ಗರಿ ಕೊಯ್ದ ಗೆರೆ. "ಅವರು ಅದು ಕೊಡ್ತೀವಿ ಅಂತವ್ರೆ, ಇವರು ಇದು ಕೊಡ್ತೀವಿ ಅಂತವ್ರೆ. ನೀನೇನು ಕೊಡ್ತೀಯವ್ವ?" ಅಂದರು. ಕೈಗೆ ಕೊಡುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ, ನಾಲೆ ನೀರು ನಿಮ್ಮ ಗದ್ದೆವರೆಗೆ ಬರುವ ಹಾಗೆ ಜಗಳ ಆಡುತ್ತೇನೆ ಅಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ನೀರು ಬಂದ್ರೆ ಸಾಕು ಕಣವ್ವ, ಮಿಕ್ಕಿದ್ದ ನಾವೇ ಬೆಳ್ಕತೀವಿ." ಇಡೀ ಪ್ರಚಾರದಲ್ಲಿ ನಾನು ಭಾಷಣ ಮಾಡಿ ಹೇಳಲು ಒದ್ದಾಡಿದ್ದನ್ನು ಆ ಅವ್ವ ಒಂದೇ ಮಾತಲ್ಲಿ ಹೇಳಿಬಿಟ್ಟರು. ಅವರ ಓಟು ಬಂತೋ ಇಲ್ಲವೋ, ನನ್ನ ನಮಸ್ಕಾರ ಅವರಿಗೆ ತಲುಪಲಿ.

ಇನ್ನು ಮೇಷ್ಟ್ರ ವಿಷಯ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಊರಲ್ಲಿ ಮೇಷ್ಟ್ರು ಅಂದರೆ ಯಾರು ಅಂತ ಎಲ್ಲರಿಗೂ ಗೊತ್ತು.

ಬಹಿರಂಗ ಪ್ರಚಾರ 8ನೇ ತಾರೀಕು ಸಂಜೆಗೆ ಮುಗಿದಿತ್ತು. 9ರ ರಾತ್ರಿ, ಓಟಿನ ಹಿಂದಿನ ದಿನ. ನಮ್ಮ ಕಡೆ ಅದನ್ನು ಕತ್ತಲ ರಾತ್ರಿ ಅಂತ ಯಾಕೆ ಕರೆಯುತ್ತಾರೆ ಅಂತ ವಿವರಿಸಬೇಕಾಗಿಲ್ಲ ಅಲ್ವಾ? ಆ ಸಂಜೆಯೇ ಆ ಆಡಿಯೋ ಎಲ್ಲ ಫೋನಿಗೂ ಬಂದದ್ದು. ಅದರಲ್ಲಿ ಏನಿತ್ತು ಅಂತ ನೀವೆಲ್ಲ ಕೇಳಿದ್ದೀರಿ. ಎಂಟು ಗಂಟೆಯಿಂದ ನಮ್ಮ ಬೂತ್ ಏಜೆಂಟರ ಫೋನ್ ಶುರುವಾಯಿತು. "ಅಕ್ಕ, ನಾಳೆ ಬರಕ್ಕಾಗಲ್ಲ." "ಅಕ್ಕ, ಮನೇಲಿ ಬೇಡ ಅಂತವ್ರೆ." ಒಬ್ಬರಾದ ಮೇಲೆ ಒಬ್ಬರು. ಅವರ ಮೇಲೆ ನನಗೆ ಬೇಜಾರಿಲ್ಲ. ಅದೇ ಊರಲ್ಲಿ ಬಾಳಬೇಕಾದವರು ಅವರು. ಆದರೆ ಒಂಬತ್ತರ ಹೊತ್ತಿಗೆ ನಮ್ಮ ಮನೆ ಖಾಲಿಯಾಗಿತ್ತು. ಬೆಳಗ್ಗೆಯಿಂದ ತುಂಬಿಕೊಂಡಿದ್ದ ಜಗಲಿಯಲ್ಲಿ ಚಪ್ಪಲಿ ಕೂಡ ಇರಲಿಲ್ಲ.

ಮಳೆ ಬೇರೆ ಹೊಡೆಯುತ್ತಿತ್ತು, ಕರೆಂಟು ಹೋಗಿತ್ತು. ಆಗ ಮೇಷ್ಟ್ರು ಟಿವಿಎಸ್ ನಿಲ್ಲಿಸಿ, ತಲೆ ಮೇಲಿದ್ದ ಗೊಬ್ಬರದ ಚೀಲದ ಕೊಪ್ಪೆ ತೆಗೆದು ಒಳಗೆ ಬಂದರು. ವಯಸ್ಸು ಎಪ್ಪತ್ತು ದಾಟಿದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಮತದಾರರ ಪಟ್ಟಿ, ಬೂತ್ ಏಜೆಂಟರನ್ನು ನೇಮಿಸುವ ಫಾರಂ, ಅಂದರೆ ನಮೂನೆ 10, ಒಂದು ಕಟ್ಟು, ಎರಡು ಪೆನ್ನು, ಗುಂಡುಪಿನ್ನಿನ ಡಬ್ಬಿ. ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕೂತರು. ಏನಾಯಿತು ಅಂತ ಕೇಳಲಿಲ್ಲ, ಆಡಿಯೋ ಬಗ್ಗೆ ಒಂದು ಮಾತಾಡಲಿಲ್ಲ. "ಯಾವ ಯಾವ ಬೂತು ಬಿದ್ದೋಗದೆ, ಹೇಳವ್ವ" ಅಂದರು.

ನನಗೆ ಹೇಳಲು ಬಾಯಿ ಬರಲಿಲ್ಲ. ಅವರ ಮುಂದೆಯೇ ಅಳು ಬಂದುಬಿಟ್ಟಿತು. ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ಯಾರ ಮುಂದೆಯೂ ಹಾಗೆ ಅತ್ತಿರಲಿಲ್ಲ. "ಬಂದ್ರೆ ಅತ್ತುಬುಡವ್ವ, ತಡ್ಕಬೇಡ. ನಾನು ಅಲ್ಲೀಗಂಟ ಲಿಸ್ಟ್ ನೋಡ್ತಿರ್ತೀನಿ" ಅಂದರು. ಎಮರ್ಜೆನ್ಸಿ ಲ್ಯಾಂಪು ಹತ್ತಿರಕ್ಕೆ ಎಳೆದುಕೊಂಡು, ಬೆರಳಿಟ್ಟು ಪಟ್ಟಿಯ ಒಂದೊಂದೇ ಹೆಸರು ಓದುತ್ತಾ ಕೂತರು. ನನ್ನ ಕಡೆ ತಿರುಗಿ ನೋಡಲಿಲ್ಲ. ಆ ಹೊತ್ತಿನಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ನನಗೆ ಯಾರೂ ಕೊಡಲು ಆಗುತ್ತಿರಲಿಲ್ಲ.

ಸರ್ವಿಸಿನಲ್ಲಿದ್ದಾಗ ಮೇಷ್ಟ್ರು ಎಷ್ಟೋ ಚುನಾವಣೆಗೆ ಪ್ರಿಸೈಡಿಂಗ್ ಆಫೀಸರ್ ಆಗಿ ಹೋದವರು. ಬ್ಯಾಲೆಟ್ ಪೇಪರು, ಕಬ್ಬಿಣದ ಪೆಟ್ಟಿಗೆ ಕಾಲದಿಂದಲೂ. ಏಜೆಂಟ್ ಇಲ್ಲದ ಬೂತಿನಲ್ಲಿ ಏನೇನು ಆಗಬಹುದು ಅಂತ ಅವರಿಗೆ ಗೊತ್ತು. ಏಳು ಗಂಟೆಗೆ ಮತದಾನ ಅಂದರೆ ಐದೂವರೆಗೇ ಅಣಕು ಮತದಾನ. ಕನಿಷ್ಠ 50 ಓಟು ಒತ್ತಿ, ಎಣಿಸಿ, ಏಜೆಂಟರ ಕಣ್ಣೆದುರೇ ಅಳಿಸಿ ಮಷಿನ್ನಿಗೆ ಸೀಲ್ ಹಾಕುತ್ತಾರೆ. ಆ ಹೊತ್ತಿಗೆ ಹೊಸ ಏಜೆಂಟರು ಬೂತಿನಲ್ಲಿ ಇರಬೇಕು. ಅವರು ಇದೇ ಕ್ಷೇತ್ರದ ಮತದಾರರಾಗಿರಬೇಕು, ಕೈಯಲ್ಲಿ ನನ್ನ ಸಹಿ ಇರುವ ನಮೂನೆ 10 ಇರಬೇಕು. ಮೇಷ್ಟ್ರು ಹುಡುಕಿದ್ದು ತಮ್ಮ ಹಳೇ ಶಿಷ್ಯರನ್ನು. ಪಟ್ಟಿಯಲ್ಲಿ ಹೆಸರು ಸಿಕ್ಕಿದ ಕೂಡಲೇ ಫೋನು. "ಲೋ, ಮಲಗಿದ್ದೀಯಾ? ಏಳು. ಬೆಳಗ್ಗೆ ಐದಕ್ಕೆ ಸ್ನಾನ ಮಾಡ್ಕಂಡು ನಿಮ್ಮೂರ ಸ್ಕೂಲ್ ತಾವ ನಿಂತಿರು." ಯಾವ ಅಭ್ಯರ್ಥಿ, ಯಾವ ಚಿಹ್ನೆ ಅಂತ ಆ ಕಡೆಯವರು ಕೇಳುತ್ತಿದ್ದರೋ ಇಲ್ಲವೋ. ಬಹುಪಾಲು ಜನ "ಆಯ್ತು ಸಾ" ಅಂದರು.

ಒಂದೊಂದು ನಮೂನೆಯನ್ನೂ ತಾವೇ ತುಂಬಿದರು. ಬೋರ್ಡ್ ಮೇಲೆ ಬರೆಯುತ್ತಿದ್ದರಲ್ಲ, ಅದೇ ಗುಂಡು ಗುಂಡು ಅಕ್ಷರ. ಬರೆದು ನನ್ನ ಕಡೆ ತಳ್ಳುವರು, ನಾನು ಸಹಿ ಹಾಕುವೆ. ಎಷ್ಟೋ ಹೊತ್ತಾದ ಮೇಲೆ, ಬರೆಯುತ್ತಲೇ, "ನಿನ್ ಗಂಡ ನನ್ ಕ್ಲಾಸಲ್ಲಿ ಓದ್ದೋನು. ಲೆಕ್ಕದಲ್ಲಿ ಹಿಂದೆ, ಹಟದಲ್ಲಿ ಮುಂದೆ. ಅವನಿದ್ದಿದ್ರೆ ಈ ಕೆಲಸ ಅವನು ಮಾಡೋನು" ಅಂದರು. ಅಷ್ಟೇ. ಮತ್ತೆ ಪಟ್ಟಿಗೆ ತಲೆ ಬಗ್ಗಿಸಿದರು.

ನಾಲ್ಕು ಗಂಟೆಗೆ ಮಳೆ ನಿಂತಿತು. ನಮೂನೆಗಳನ್ನೆಲ್ಲ ಊರಿನ ಪ್ರಕಾರ ಜೋಡಿಸಿ ಪಿನ್ನು ಹಾಕಿ, ಟಿವಿಎಸ್ ಹತ್ತಿ ತಾವೇ ಹಂಚಲು ಹೊರಟರು. ಹೋಗುವಾಗ ನಮ್ಮ ಹುಡುಗರಿಗೆ ಒಂದೇ ತಾಕೀತು: ಸಂಜೆ 17-ಸಿ ನಮೂನೆಯ ಪ್ರತಿ ಇಸ್ಕೊಳ್ಳದೆ ಯಾರೂ ಬೂತಿನಿಂದ ಆಚೆ ಬರಕೂಡದು. ಎಷ್ಟು ಓಟು ಬಿತ್ತು ಅಂತ ಅಧಿಕಾರಿ ಸಹಿ ಹಾಕಿ ಕೊಡುವ ಕಾಗದ ಅದು. ಸಂಜೆ ಎಲ್ಲ ಬೂತಿನ 17-ಸಿ ನಮ್ಮ ಪಡಸಾಲೆಗೆ ಬಂತು. ಇಷ್ಟೆಲ್ಲ ಮಾಡಿದ ಮೇಷ್ಟ್ರ ಓಟು ಯಾರಿಗೆ ಬಿತ್ತು ಅಂತ ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಸರ್ಕಾರದ ಸಾಲದ ವಿಷಯದಲ್ಲಿ ಅವರಿಗೂ ನನಗೂ ಇವತ್ತಿಗೂ ವಾದ ಇದೆ.

ಆ ಆಡಿಯೋದಲ್ಲಿ ಮಾತಾಡಿದವರು ನಮ್ಮ ವಿಚಾರದವರೇ, ನಮ್ಮ ಸಂಸ್ಕೃತಿ ಅಂತ ನನ್ನ ಜೊತೆ ವೇದಿಕೆ ಹತ್ತಿದವರು. ನನಗೆ ಜಾಸ್ತಿ ನೋವಾಗಿದ್ದು ಅದೇ. ಗಂಡ ಇಲ್ಲದವಳು ಮುಂದೆ ನಿಂತರೆ ಊರಿಗೆ ಆಗಿಬರಲ್ಲ ಅನ್ನುವುದು ಯಾವ ಸಂಸ್ಕೃತಿ? ನಾನು ಹಳೇ ರೂಢಿ ಉಳಿಯಬೇಕು ಅಂದಾಗ ನನ್ನ ಕಣ್ಣ ಮುಂದೆ ಇದ್ದದ್ದು ನಮ್ಮಜ್ಜಿ ಹೇಳುತ್ತಿದ್ದ ಮುಯ್ಯಾಳಿನ ನಾಟಿ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಯಜಮಾನ ತೀರಿಕೊಂಡ ಮನೆ ಇದ್ದರೆ ಆ ಮನೆಯ ಗದ್ದೆ ಮೊದಲು ನಾಟಿ ಆಗುತ್ತಿತ್ತಂತೆ, ಆ ಹೆಂಗಸು ಬಂದು ಕೇಳುವ ಮೊದಲೇ. ಅದು ಉಳಿಯಲಿ ಅಂತಲೇ ನಾನು ಚುನಾವಣೆಗೆ ನಿಂತದ್ದು. ವೇದಿಕೆ ಮೇಲೆ ಸಂಸ್ಕೃತಿ ಅಂದವರಲ್ಲಿ ಅದು ಕಾಣಲಿಲ್ಲ. ಮಳೆಯಲ್ಲಿ ಚೀಲ ಹೊದ್ದು ಬಂದ ಮೇಷ್ಟ್ರಲ್ಲಿ ಕಂಡಿತು. ನನ್ನ ವಿಚಾರ ಬದಲಾಗಿಲ್ಲ. ಇನ್ನೂ ಗಟ್ಟಿಯಾಗಿದೆ.

ನಮ್ಮತ್ತೆಯ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತೆ. 80 ದಾಟಿದವರು ಮನೆಯಲ್ಲೇ ಓಟು ಹಾಕಬಹುದು ಅಂತ ಈ ಸಲ ಅವಕಾಶ ಇತ್ತು. ಅವರು ಒಪ್ಪಲಿಲ್ಲ. "ನನ್ ಸೊಸೆ ನಿಂತವ್ಳೆ, ನಾಲ್ಕು ಜನ ನೋಡೋ ಹಂಗೆ ಹೋಗಿ ಹಾಕ್ತೀನಿ" ಅಂದರು. ಬೆಳಗ್ಗೆ ಹೊರಡುವ ಮೊದಲು ತಾವೇ ನನ್ನ ಹಣೆಗೆ ಕುಂಕುಮ ಇಟ್ಟು, ನನ್ನ ಕೈ ಹಿಡಿದುಕೊಂಡೇ ಊರ ನಡುಬೀದಿಯಲ್ಲಿ ನಡೆದು ಬಂದರು. ಆಡಿಯೋಗೆ ನಮ್ಮ ಮನೆಯ ಉತ್ತರ ಅದು. ಇನ್ನೊಂದು ಬರೆಯುವುದಿಲ್ಲ.

224 ಸೀಟಿನಲ್ಲಿ ಈ ಸಲ ಗೆದ್ದ ಹೆಂಗಸರು 10 ಜನ. ಹರಪನಹಳ್ಳಿಯಲ್ಲಿ ಗೆದ್ದವರು ನನ್ನ ಹಾಗೆ ಪಕ್ಷೇತರರು. ಅವರ ವಿಚಾರ ಬೇರೆ, ನನ್ನದು ಬೇರೆ. ಆದರೂ ಆ ಸುದ್ದಿ ಕೇಳಿ ಖುಷಿಯಾಯಿತು. ನಿಲ್ಲಬೇಕು ಅಂತ ಮನಸ್ಸಿದ್ದು ಸುಮ್ನೆ ಕೂತಿರುವ ಹೆಣ್ಣುಮಕ್ಕಳು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಗ್ರಾಮ ಪಂಚಾಯಿತಿಗಾದರೂ ಬನ್ನಿ. ಯಾವ ಪಕ್ಷವಾದರೂ ಸರಿ, ನಾಮಪತ್ರ ತುಂಬುವುದಕ್ಕೆ ನಾನು ಜೊತೆಗೆ ಕೂರುತ್ತೇನೆ.

ಖರ್ಚಿನ ಲೆಕ್ಕ ಫಲಿತಾಂಶ ಬಂದ 30 ದಿನದೊಳಗೆ ಕೊಡಬೇಕು. ತಂಗಿ ಎಲ್ಲ ತಯಾರು ಮಾಡಿದ್ದಾಳೆ. ಹಣ ಕೊಟ್ಟವರು ಯಾವಾಗ ಬೇಕಾದರೂ ಮನೆಗೆ ಬಂದು ರಿಜಿಸ್ಟರ್ ನೋಡಬಹುದು. ಗೋಡೆ, ಕಂಬಗಳಲ್ಲಿ ನನ್ನ ಪೋಸ್ಟರ್ ಎಲ್ಲಾದರೂ ಉಳಿದಿದ್ದರೆ ತಿಳಿಸಿ, ಹುಡುಗರು ಬಂದು ತೆಗೆಯುತ್ತಾರೆ.

ನಾಲೆ ವಿಷಯ ಬಿಟ್ಟಿಲ್ಲ. ಮುಂಗಾರಿಗೆ ನೀರು ಬಿಡುವ ಮೊದಲು ಕೊನೆ ಭಾಗದ ಸೀಳು ನಾಲೆಗಳ ಹೂಳು ತೆಗೆಯಿರಿ ಅಂತ ಅರ್ಜಿ ಬರೆದಿದ್ದೇವೆ. ಬರುವ ಭಾನುವಾರ ಬೆಳಗ್ಗೆ ನಮ್ಮ ಜಗಲಿಯಲ್ಲಿ ಸಹಿ ಹಾಕಿಸುತ್ತೇವೆ. ನನಗೆ ಓಟು ಹಾಕಿದವರು, ಹಾಕದವರು, ಎಲ್ಲರೂ ಬನ್ನಿ. ಪಹಣಿಯ ಜೆರಾಕ್ಸ್ ತರಬೇಕು, ಸರ್ವೆ ನಂಬರ್ ಸರಿಯಾಗಿರಬೇಕು. ಪರಿಶೀಲನೆಗೆ ಮೇಷ್ಟ್ರೇ ಕೂರುತ್ತಾರೆ.