ಕೊರೊನಾ: ರಕ್ತ, ಮೂತ್ರಪಿಂಡಗಳ ಕಡೆಗೂ ಗಮನವಿರಲಿ

ಸದಸ್ಯರೇ, ಕೊರೊನಾ ಎಂದರೆ ಬರೀ ಶ್ವಾಸಕೋಶದ ಕಾಯಿಲೆ ಎಂಬ ಸಂದೇಶ ಗುಂಪಿನಲ್ಲಿ ಮತ್ತೆ ಸುತ್ತುತ್ತಿದೆ. ಅದು ಅರ್ಧ ಸತ್ಯ.

ಸೋಂಕು ತೀವ್ರವಾದಾಗ ರಕ್ತನಾಳಗಳ ಒಳಪದರದಲ್ಲಿ ಉರಿಯೂತ ಉಂಟಾಗಿ, ರಕ್ತ ಬೇಗ ಹೆಪ್ಪುಗಟ್ಟತೊಡಗುತ್ತದೆ. ಕಾಲಿನಲ್ಲಿ ಕಟ್ಟಿದ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ವೈದ್ಯರು ಡಿ-ಡೈಮರ್ ಪರೀಕ್ಷೆ (ಹೆಪ್ಪು ಕರಗಿದಾಗ ರಕ್ತದಲ್ಲಿ ಉಳಿಯುವ ಅಂಶದ ಅಳತೆ) ಬರೆಯುವುದು ಇದಕ್ಕಾಗಿಯೇ. ಆ ಅಂಕಿ ತುಸು ಏರಿದ್ದನ್ನು ಕಂಡು ತಾವೇ ಆಸ್ಪಿರಿನ್ ನುಂಗುವವರಿಗೆ ಏನು ಹೇಳುವುದು! ಅದು ಬೇರೆ ಕಾರಣಗಳಿಂದಲೂ ಏರುತ್ತದೆ. ರಕ್ತ ತೆಳುವಾಗಿಸುವ ಔಷಧಿಯನ್ನು ವೈದ್ಯರು ಹೇಳದೆ ಮುಟ್ಟಬೇಡಿ.

ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ದಾರಿಗಳು ಹಲವು: ಆಮ್ಲಜನಕದ ಕೊರತೆ, ರಕ್ತದೊತ್ತಡದ ಕುಸಿತ, ಉರಿಯೂತ, ಸಣ್ಣ ನಾಳಗಳಲ್ಲಿ ಹೆಪ್ಪು. ಜ್ವರ, ಭೇದಿಯಿಂದ ದೇಹದ ನೀರೂ ಇಳಿದಿರುತ್ತದೆ. ಆಗ ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ಹೊರೆಯನ್ನು ಹೆಚ್ಚಿಸುತ್ತದೆ. ಸೌಮ್ಯ ಸೋಂಕಿನಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು ಅಪರೂಪ. ಆದರೆ ಮಧುಮೇಹ, ಅಧಿಕ ರಕ್ತದೊತ್ತಡ ಇರುವವರು ಕ್ರಿಯಾಟಿನಿನ್ (ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತ ಪರೀಕ್ಷೆ) ಮತ್ತು ಮೂತ್ರ ಪರೀಕ್ಷೆಯ ಬಗ್ಗೆ ವೈದ್ಯರನ್ನು ತಪ್ಪದೆ ಕೇಳಿ.

ಮೂತ್ರ ತೀರಾ ಕಡಿಮೆಯಾದರೆ, ಒಂದು ಕಾಲು ಮಾತ್ರ ಊದಿ ನೋಯತೊಡಗಿದರೆ, ಹಠಾತ್ತನೆ ಉಸಿರು ಕಟ್ಟಿದಂತಾದರೆ ಗುಂಪಿನಲ್ಲಿ ಸಲಹೆ ಕೇಳುತ್ತ ಕೂರಬೇಡಿ, ನೇರವಾಗಿ ಆಸ್ಪತ್ರೆಗೆ ಹೋಗಿ.